ಗಾಳಿ ಕಿತ್ತ ಸೂರು, ಅವಸರದ ಮುಂಗಡ

ಬಿರುಗಾಳಿ ಒಂದು ರಾತ್ರಿಯಲ್ಲಿ ಮಾಡಿನ ಅರ್ಧವನ್ನು ಕಿತ್ತು ಅಂಗಳಕ್ಕೆ ಎಸೆದರೆ ಬೆಳಗಾಗುವಾಗ ಮನೆಯವರ ಮುಂದೆ ಎರಡು ಕೆಲಸಗಳಿರುತ್ತವೆ. ಒಂದು, ಒಳಗೆ ಇನ್ನಷ್ಟು ನೀರು ಬೀಳದಂತೆ ಇವತ್ತೇ ಮುಚ್ಚುವುದು. ಇನ್ನೊಂದು, ಮಾಡನ್ನು ಮೊದಲಿನ ಹಾಗೆ ಗಟ್ಟಿಯಾಗಿ ಕಟ್ಟಿಸುವುದು. ಮೊದಲನೆಯದಕ್ಕೆ ತಡ ಮಾಡುವಂತಿಲ್ಲ. ಎರಡನೆಯದಕ್ಕೆ ವಾರವೊಂದು ತಡವಾದರೂ ನಡೆಯುತ್ತದೆ. ಗಾಳಿಮಳೆಯ ಬೆನ್ನಿಗೇ ಬೀದಿ ಬೀದಿ ತಿರುಗುವ ಮೋಸದ ಗುತ್ತಿಗೆದಾರ ಬದುಕುವುದು ಈ ಎರಡನ್ನೂ ಕಲಸಿಬಿಟ್ಟು. ಟಾರ್ಪಾಲಿನ ಅವಸರವನ್ನು ಅವನು ಲಕ್ಷ ರೂಪಾಯಿಯ ಕೆಲಸಕ್ಕೂ ಅಂಟಿಸುತ್ತಾನೆ. ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡವರನ್ನು ಮೋಸಗೊಳಿಸುವುದು ಕಷ್ಟ. ಇವತ್ತಿನ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದು ಇದನ್ನು ನಡೆಸುವ ಬಗೆ.

ಈ ಮಾತು ಯಾವುದೋ ದೂರದ ದೇಶದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು, ಮರುವರ್ಷದ ಆಗಸ್ಟ್‌ನಲ್ಲಿ ಬೆಳಗಾವಿ ಸೀಮೆ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕ ನಮ್ಮ ಕರಾವಳಿ: ಮನೆ ಕಳೆದುಕೊಂಡವರನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಹೆಸರಿಟ್ಟ ಚಂಡಮಾರುತವೇ ಬರಬೇಕೆಂದೂ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನ ಜೊತೆ ಎದ್ದ ಗಾಳಿ ಬಯಲುಸೀಮೆಯ ತಗಡಿನ ಮನೆಗಳನ್ನೂ ಮಲೆನಾಡಿನ ಹಂಚಿನ ಮನೆಗಳನ್ನೂ ಹದಿನೈದು ನಿಮಿಷದಲ್ಲಿ ಬೋಳು ಮಾಡಿ ಹೋಗುತ್ತದೆ. ಅದರ ಹಿಂದೆಯೇ ಮುಂಗಾರು ಕಾದಿರುತ್ತದೆ. ಆ ಭಯವೇ ಮೋಸಗಾರನ ಬಂಡವಾಳ.

ಬಾಗಿಲಿಗೆ ಬರುವ ಮಾತು

ಮೋಸದ ಮಾತು ಎಲ್ಲಾ ಊರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೈಕಿನಲ್ಲೋ ಪಿಕಪ್‌ನಲ್ಲೋ ಇಬ್ಬರು ಬಂದು ಅಂಗಳದಲ್ಲಿ ನಿಲ್ಲುತ್ತಾರೆ. “ಅಕ್ಕಾ, ಆ ಕೆಳಗಿನ ಮನೇದು ನಾವೇ ಮಾಡ್ತಾ ಇರೋದು. ಒಂದು ಲೋಡ್ ಶೀಟ್ ಬಂದಿದೆ, ನಿಮಗೂ ಅದರಲ್ಲೇ ಆಗುತ್ತೆ. ಇವತ್ತು ಅಡ್ವಾನ್ಸ್ ಕೊಟ್ರೆ ಈ ರೇಟು. ನಾಳೆಯಿಂದ ರೇಟೂ ಏರುತ್ತೆ, ಹುಡುಗರೂ ಸಿಗಲ್ಲ. ಮೊನ್ನೆಯಿಂದ ಫೋನ್ ನಿಂತೇ ಇಲ್ಲ ನೋಡಿ.”

ಇದರ ಒಂದೊಂದು ಮಾತಿಗೂ ಒಂದೊಂದು ಕೆಲಸವಿದೆ. ಕೆಳಗಿನ ಮನೆಯ ಹೆಸರು ಹೇಳುವುದು ನೀವು ವಿಚಾರಿಸದಿರಲಿ ಎಂದು. ಹಾಗಾಗಿ ಮೊದಲು ಮಾಡಬೇಕಾದ್ದು ಆ ಮನೆಗೆ ನಡೆದುಹೋಗಿ ಕೇಳುವುದು. ಉಳಿದ ಶೀಟಿನ ಮಾತು ಅಗ್ಗದ ಆಸೆ ಹುಟ್ಟಿಸಲು. ಬೇರೊಬ್ಬರ ಮನೆಗೆ ಅಳತೆ ಮಾಡಿ ತಂದ ಶೀಟು ನಿಮ್ಮ ಮಾಡಿಗೆ ಸರಿಹೋಗುವುದು ಅಪರೂಪ. ‘ಇವತ್ತು’, ‘ನಾಳೆ’ ಎನ್ನುವುದು ನಿಮಗೆ ಯೋಚಿಸಲು, ಇನ್ನೊಬ್ಬರನ್ನು ಕೇಳಲು ಹೊತ್ತು ಸಿಗದಿರಲಿ ಎಂದು. ಇದಕ್ಕೆ ಜಗಳ ಆಡಬೇಕಿಲ್ಲ. “ಆಯ್ತಪ್ಪಾ, ನಿನ್ನ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಡು, ಎರಡು ದಿನ ಬಿಟ್ಟು ಹೇಳ್ತೇವೆ” ಎಂದರೆ ಸಾಕು. ನೆಟ್ಟಗಿನ ಮೇಸ್ತ್ರಿ ಬರೆದುಕೊಟ್ಟು ಹೋಗುತ್ತಾನೆ. ಮೋಸ ಮಾಡಲು ಬಂದವನಿಗೆ ಆ ಎರಡು ದಿನವೇ ಆಗಿಬರುವುದಿಲ್ಲ.

ಇನ್ನೊಂದು ಬಗೆಯವನು ಏಣಿ ಹಾಕಿ ಒಬ್ಬನೇ ಮೇಲೆ ಹತ್ತುತ್ತಾನೆ. ಇಳಿದು ಬಂದವನೇ ಮುಖ ಸಪ್ಪೆ ಮಾಡಿ, “ಪಕಾಸಿ ಎಲ್ಲಾ ಗೆದ್ದಲು ಹಿಡಿದಿದೆ, ಪೂರ್ತಿ ಬಿಚ್ಚಲೇಬೇಕು” ಎನ್ನುತ್ತಾನೆ. ಹಾರಿದ ಹತ್ತು ಹಂಚಿನ ಜೊತೆ ನೆಟ್ಟಗಿದ್ದ ಇಪ್ಪತ್ತು ಹಂಚು ಅವನ ಕಾಲಡಿಯಲ್ಲೇ ಒಡೆದಿರಬಹುದು. ಯಾರೇ ಮೇಲೆ ಹತ್ತುವುದಾದರೂ ಹತ್ತುವ ಮುನ್ನ ಕೆಳಗಿನಿಂದ ನಾಲ್ಕು ಕಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಹತ್ತಿದವನ ಕೈಗೆ ಫೋನ್ ಕೊಟ್ಟು, ಗೆದ್ದಲು ಹಿಡಿದ ಪಕಾಸಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ವೀಡಿಯೊ ಮಾಡಿಕೊಂಡು ಬಾ ಎನ್ನಿ. ಮರ ಟೊಳ್ಳಾಗಿದ್ದರೆ ಚುಚ್ಚಿದ್ದು ಸರಾಗ ಒಳಗೆ ಇಳಿಯುತ್ತದೆ. ಗಟ್ಟಿ ಮರ ಬಿಟ್ಟುಕೊಡುವುದಿಲ್ಲ.

ಮುಂಗಡ ತೆಗೆದುಕೊಂಡು ನಾಪತ್ತೆಯಾಗುವುದು ಎಲ್ಲರಿಗೂ ಗೊತ್ತಿರುವ ಮೋಸ. ಅದಕ್ಕಿಂತ ನೋವು ಕೊಡುವುದು ಬೇರೆ ಇದೆ. ಕಡಿಮೆ ದರ ಹೇಳಿ ಕೆಲಸ ಹಿಡಿದವನು ಮೊದಲ ದಿನವೇ ಇದ್ದ ಮಾಡನ್ನೂ ಪೂರ್ತಿ ಬಿಚ್ಚಿಹಾಕುತ್ತಾನೆ. ಮನೆ ಆಕಾಶಕ್ಕೆ ತೆರೆದುಕೊಂಡ ಮೇಲೆ, “ಕಬ್ಬಿಣದ ರೇಟು ಏರಿದೆ, ಇನ್ನೂ ಇಷ್ಟು ಕೊಟ್ಟರೆ ಮಾತ್ರ ಮುಂದಿನ ಕೆಲಸ” ಎಂದು ಕೈಕಟ್ಟಿ ನಿಲ್ಲುತ್ತಾನೆ. ಪಶ್ಚಿಮದಲ್ಲಿ ಮೋಡ ಕಟ್ಟಿರುವಾಗ ಮನೆಯವರಿಗೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಸಾಮಗ್ರಿ ಅಂಗಳಕ್ಕೆ ಬಂದು ಬೀಳುವವರೆಗೆ ಹಳೆಯ ಮಾಡಿನ ಒಂದು ಹಂಚನ್ನೂ ತೆಗೆಯಲು ಬಿಡಬೇಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲ ದಿನ ಮಾಡುವುದೆಷ್ಟು

ಮೊದಲು ಮೇನ್ ಸ್ವಿಚ್ ಆರಿಸಿ. ಸರ್ವಿಸ್ ವೈರು ಹರಿದು ಬಿದ್ದಿದ್ದರೆ, ಕಂಬ ವಾಲಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ರಾಜ್ಯದ ವಿದ್ಯುತ್ ಕಂಪನಿಗಳ ಸಹಾಯವಾಣಿ ಅದು. “ಲೈನ್ ನಾವೇ ಎಳೆದುಕೊಡ್ತೇವೆ” ಎಂದು ದುಡ್ಡು ಕೇಳುವ ಗುರುತಿಲ್ಲದವರಿಗೆ ಆ ಕೆಲಸ ಕೊಡಬೇಡಿ. ಹಣ ಹೋಗುವುದಿರಲಿ, ಜೀವಕ್ಕೇ ಅಪಾಯ.

ಆಮೇಲೆ ಫೋಟೊ. ಒಳಗಿನಿಂದ, ಹೊರಗಿನಿಂದ, ಬಿದ್ದ ಮರದ ಸಮೇತ, ನೆನೆದ ಸಾಮಾನುಗಳ ಸಮೇತ, ಏನನ್ನೂ ಎತ್ತಿಡುವ ಮುನ್ನ. ಸರ್ಕಾರದ ಪರಿಹಾರಕ್ಕೂ ವಿಮೆಗೂ ಮುಂದೆ ತಕರಾರಾದರೆ ಗ್ರಾಹಕರ ಆಯೋಗಕ್ಕೂ ಇವೇ ಸಾಕ್ಷಿ.

ಮೂರನೆಯದು ಟಾರ್ಪಾಲು. ಇದಕ್ಕೆ ಗುತ್ತಿಗೆದಾರ ಬೇಡ. ಅಕ್ಕಪಕ್ಕದವರು, ತೋಟಕ್ಕೆ ಬರುವ ಆಳು, ಊರಿನ ಯುವಕ ಮಂಡಲದ ನಾಲ್ಕು ಹುಡುಗರು ಸಾಕು. ಹರಿದ ಜಾಗಕ್ಕಷ್ಟೇ ತೇಪೆಯ ಹಾಗೆ ಹಾಕಿದರೆ ಮೇಲಿನಿಂದ ಇಳಿದ ನೀರು ಅದರ ಅಡಿಗೆ ನುಗ್ಗುತ್ತದೆ. ಟಾರ್ಪಾಲಿನ ಮೇಲಂಚು ಮಾಡಿನ ತುದಿಯನ್ನು ದಾಟಿ ಆಚೆ ಇಳಿಜಾರಿಗೂ ಎರಡು ಮೂರು ಅಡಿ ಬೀಳಬೇಕು. ನಡುವೆ ಮೊಳೆ ಹೊಡೆಯದೆ ಅಂಚನ್ನು ರೀಪಿಗೆ ಸುತ್ತಿ ಹಗ್ಗದಿಂದ ಬಿಗಿದು, ಮರಳಿನ ಚೀಲ ಹೇರಿ. ದಿನಗೂಲಿಗೆ ಯಾರನ್ನಾದರೂ ಕರೆದಿದ್ದರೆ ಅವತ್ತಿನ ಕೂಲಿ ಅವತ್ತೇ ಕೊಟ್ಟು ಮುಗಿಸಿ. ಮುಂದಿನ ಕೆಲಸದ ಮಾತನ್ನು ಅದಕ್ಕೆ ಸೇರಿಸಬೇಡಿ. ಟಾರ್ಪಾಲು, ಹಗ್ಗದ ಬಿಲ್ಲು ಜೋಪಾನವಾಗಿರಲಿ.

ಮಾಡಿನ ಮೇಲೆ ಮರ ಬಿದ್ದಿದ್ದರೆ ಇನ್ನೊಂದು ಎಚ್ಚರಿಕೆ. ಮರ ಕಡಿಯಲು ಬಂದವನು ಕೂಲಿಯನ್ನೂ ಪಡೆದು ಬೆಲೆಬಾಳುವ ಮೋಪನ್ನೂ ‘ಕಸ’ ಎಂದು ಹೊತ್ತೊಯ್ಯುವುದುಂಟು. ದಿಮ್ಮಿ ಯಾರಿಗೆ ಎಂಬುದು ಗರಗಸ ಇಡುವ ಮುನ್ನವೇ ಮಾತಾಗಲಿ. ಬಿದ್ದದ್ದು ಬೀಟೆ, ಶ್ರೀಗಂಧದಂಥ ಮರವಾದರೆ ಅರಣ್ಯ ಇಲಾಖೆಗೆ ತಿಳಿಸದೆ ತುಂಡನ್ನು ಹೊರಗೆ ಸಾಗಿಸುವಂತಿಲ್ಲ. ಸಾಗಿಸಿದರೆ ಕೇಸು ಜಾಗದ ಯಜಮಾನರ ತಲೆಗೇ ಬರಬಹುದು. ಹಳೆಯ ಮನೆಗಳ ಪಕಾಸಿ, ರೀಪು, ಹಂಚುಗಳಿಗೂ ಈ ಮಾತು ಸಲ್ಲುತ್ತದೆ. ಹಳೆಯ ಕಾರ್ಖಾನೆಯ ಗುರುತಿರುವ ಮಂಗಳೂರು ಹಂಚಿಗೆ, ಸಾಗುವಾನಿ ಪಕಾಸಿಗೆ ಇವತ್ತು ಒಳ್ಳೆಯ ಗಿರಾಕಿಗಳಿದ್ದಾರೆ. “ಹಳೇ ಸಾಮಾನು ನಾವೇ ವಿಲೇವಾರಿ ಮಾಡ್ತೇವೆ” ಎನ್ನುವವನು ನಿಮಗೆ ಉಪಕಾರ ಮಾಡುತ್ತಿಲ್ಲ.

ಅಳತೆ ನಿಮ್ಮ ಕೈಯಲ್ಲಿರಲಿ

ಈಗ ಎರಡನೇ ಕೆಲಸ. ಟಾರ್ಪಾಲಿನ ಅಡಿಯಲ್ಲಿ ಕೂತು ಲೆಕ್ಕ ಹಾಕುವಷ್ಟು ಸಮಾಧಾನ ಸಿಕ್ಕಿದೆ ಎಂದುಕೊಳ್ಳೋಣ. ಮಾಡಿನ ಕೆಲಸಕ್ಕೆ ದರ ಹೇಳುವುದು ಚದರ ಅಡಿಯ ಮೇಲೆ. ದರ ಕಡಿಮೆ ಹೇಳಿ ಅಳತೆ ಏರಿಸುವುದು ಹಳೆಯ ಕೈಚಳಕ. ಇದನ್ನು ಹಿಡಿಯಲು ಇಂಜಿನಿಯರ್ ಆಗಬೇಕಿಲ್ಲ.

ಮನೆಯ ಗೋಡೆಯಿಂದ ಗೋಡೆಗೆ 30 ಅಡಿ ಅಗಲ, 40 ಅಡಿ ಉದ್ದ ಎಂದಿಟ್ಟುಕೊಳ್ಳಿ. ಸುತ್ತಲೂ ಎರಡು ಅಡಿ ಸೂರು ಚಾಚಿದರೆ 34 ಅಡಿ, 44 ಅಡಿ ಆಯಿತು; ಗುಣಿಸಿದರೆ 1,496 ಚದರ ಅಡಿ. ಎರಡು ಇಳಿಜಾರಿನ ಮಾಡು 30 ಡಿಗ್ರಿ ವಾಲಿದ್ದರೆ ಇದನ್ನು 1.15ರಿಂದ ಗುಣಿಸಬೇಕು. ಸುಮಾರು 1,720 ಚದರ ಅಡಿ. ಒಬ್ಬ 2,200 ಬರೆದುಕೊಟ್ಟರೆ ಹೆಚ್ಚಿನದು ಎಲ್ಲಿಂದ ಬಂತೆಂದು ಕೇಳಿ. ಶೀಟಿನ ಮೇಲೆ ಶೀಟು ಒಂದಿಷ್ಟು ಏರಿ ಕೂರಬೇಕಾದ್ದು ನಿಜ. ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೋ, ಹೊದಿಸಿ ಮುಗಿದ ಮೇಲೆ ಕಾಣುವ ಮಾಡನ್ನಷ್ಟೇ ಅಳೆಯುತ್ತಾರೋ ಎಂಬುದು ಮೊದಲೇ ಇತ್ಯರ್ಥವಾಗಬೇಕು. ದರ ಕೇಳುವಾಗಲೂ ಇಬ್ಬರು ಮೂವರಿಂದ ಒಂದೇ ಬಗೆಯ ಕೆಲಸಕ್ಕೆ ಕೇಳಿ. ಒಬ್ಬ ಕಬ್ಬಿಣದ ಚೌಕಟ್ಟು ಸೇರಿಸಿ, ಇನ್ನೊಬ್ಬ ಬಿಟ್ಟು ಹೇಳಿದರೆ ಎರಡು ದರಗಳನ್ನು ಹೋಲಿಸಿ ಏನೂ ತಿಳಿಯುವುದಿಲ್ಲ.

ಶೀಟಿನ ದಪ್ಪದಲ್ಲಿ ಇನ್ನೂ ದೊಡ್ಡ ಮೋಸ ನಡೆಯುತ್ತದೆ. 0.50 ಮಿಲಿಮೀಟರ್ ಎಂದು ಹೇಳಿ 0.35ರ ಶೀಟು ಹೊದಿಸಿದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಬಣ್ಣ ಒಂದೇ, ಹೊಳಪು ಒಂದೇ. ಮುಂದಿನ ವರ್ಷದ ಗಾಳಿಗೆ ಅದು ಸ್ಕ್ರೂ ಹಾಕಿದಲ್ಲೇ ಹರಿದುಕೊಂಡು ಹಾರುತ್ತದೆ. ಆದರೆ ತೂಕ ಸುಳ್ಳು ಹೇಳುವುದಿಲ್ಲ. ನಾಲ್ಕು ಅಡಿ ಅಗಲದ ಸುರುಳಿಯಿಂದ ಮಾಡಿದ 12 ಅಡಿ ಉದ್ದದ ಉಕ್ಕಿನ ಶೀಟು 0.50 ದಪ್ಪದ್ದಾದರೆ ಸುಮಾರು 17 ಕೆ.ಜಿ. ತೂಗುತ್ತದೆ, 0.35ರದ್ದಾದರೆ 12 ಕೆ.ಜಿ. ಆಸುಪಾಸು. ಅಡಿಕೆ ತೂಗುವ ತಕ್ಕಡಿಯೇ ಸಾಕು. ಲೋಡು ಅಂಗಳಕ್ಕೆ ಬಂದಾಗ ನಡುವಿನಿಂದ ಎರಡು ಶೀಟು ಎಳೆದು ತೂಗಿ ನೋಡಿ, ಆಮೇಲೆ ಇಳಿಸಿಕೊಳ್ಳಿ. ಹೇಳಿದ ದಪ್ಪ ಬಣ್ಣದ ಲೇಪ ಸೇರಿಯೋ, ಬರೀ ಉಕ್ಕಿನದೋ ಎಂದೂ ಅಂಗಡಿಯಲ್ಲಿ ಕೇಳಿ, ಬಿಲ್ಲಿನಲ್ಲಿ ಬರೆಸಿ. ಐಎಸ್‌ಐ ಗುರುತಿದ್ದರೆ ಅದರ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತದೆ.

ಹಂಚಿನ ಮಾಡಿನಲ್ಲಿ ಹೊಸದಕ್ಕೂ ಹಳೆಯದಕ್ಕೂ ಕಚ್ಚು ಕೂರುವುದೇ ಮುಖ್ಯ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರದಿದ್ದರೆ ಸಂದಿನಲ್ಲಿ ನೀರು ಇಳಿಯುತ್ತದೆ. ಮಾದರಿಗೆ ನಾಲ್ಕು ತರಿಸಿ, ಜೋಡಿಸಿ, ಮೇಲೆ ಒಂದು ಕೊಡ ನೀರು ಹೊಯ್ದು ನೋಡಿದ ಮೇಲೆ ಉಳಿದದ್ದಕ್ಕೆ ಹೇಳಿ. ಬೆರಳಿನಿಂದ ತಟ್ಟಿದರೆ ಚೆನ್ನಾಗಿ ಸುಟ್ಟ ಹಂಚು ಗಣ್ ಎನ್ನುತ್ತದೆ. ಬಿರುಕಿದ್ದರೆ ದನಿ ಒಡೆಯುತ್ತದೆ.

ದುಡ್ಡು ಯಾರ ಕೈಗೆ, ಯಾವಾಗ

ನ್ಯಾಯದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಮಾಡಿನ ಮೇಲೆ ಜೀವ ಪಣಕ್ಕಿಟ್ಟು ದುಡಿಯುವ ಮೇಸ್ತ್ರಿಗಳಲ್ಲಿ ಬಹುಪಾಲು ಜನ ನೆಟ್ಟಗಿನವರು. ಗಾಳಿ ಬಂದ ವಾರದಲ್ಲಿ ಕೂಲಿ ಏರುವುದು, ಶೀಟಿಗೆ ಅಭಾವವಾಗುವುದು ನಿಜವೂ ಹೌದು. ಹೊರ ಊರಿನವನು, ಬೇರೆ ಭಾಷೆಯವನು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಳ್ಳನೆನ್ನಬಾರದು. ನಮ್ಮ ಎಷ್ಟೋ ಮನೆಗಳ ಸೂರು ನಿಂತಿರುವುದು ದೂರದಿಂದ ಬಂದ ಕಾರ್ಮಿಕರ ಬೆವರಿನಿಂದ. ಅದೇ ರೀತಿ ನಮ್ಮ ಊರಿನವನು, ನಮ್ಮ ಪೈಕಿಯವನು ಎಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ಹಣ ಕೊಡುವುದೂ ಸಲ್ಲ. ಆಳನ್ನು ಅಳೆಯಬೇಕಾದ್ದು ಅವನ ವಿಳಾಸ, ಅವನು ಮುಗಿಸಿದ ಕೆಲಸ, ಅವನು ಹಣ ಕೇಳುವ ರೀತಿ ಇವುಗಳಿಂದ. ಹೋದ ಮಳೆಗಾಲಕ್ಕೆ ಮುಂಚೆ ಅವನು ಮಾಡಿದ ಎರಡು ಮನೆಗಳ ಹೆಸರು ಕೇಳಿ. ಒಂದು ಮಳೆಗಾಲ ದಾಟಿದ ಮಾಡು ಅವನ ಬಗ್ಗೆ ಎಲ್ಲವನ್ನೂ ಹೇಳುತ್ತದೆ.

ಬಡ ಮೇಸ್ತ್ರಿಗೆ ಸಾಮಗ್ರಿ ತರಲು ಮುಂಗಡ ಬೇಕಾಗುವುದು ಸಹಜ. ಅವನ ಕಷ್ಟವೂ ನಿಮ್ಮ ಭಯವೂ ಒಟ್ಟಿಗೆ ನೀಗುವ ದಾರಿ ಎಂದರೆ ಸಾಮಗ್ರಿಯ ಹಣವನ್ನು ನೀವೇ ನೇರವಾಗಿ ಅಂಗಡಿಗೆ ಕೊಡುವುದು. ಬಿಲ್ಲು ನಿಮ್ಮ ಹೆಸರಿನಲ್ಲಿರಲಿ, ಅಂಗಡಿಯ ಜಿಎಸ್‌ಟಿ ಸಂಖ್ಯೆ ಅದರಲ್ಲಿರಲಿ. ಆ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಅಂಗಡಿ ಇದೆಯೋ ಇಲ್ಲವೋ ತಿಳಿಯುತ್ತದೆ. ಇದರಿಂದ ಇನ್ನೊಂದು ತಲೆನೋವೂ ತಪ್ಪುತ್ತದೆ: ನೀವು ಮೇಸ್ತ್ರಿಗೆ ಪೂರ್ತಿ ಕೊಟ್ಟಿರುತ್ತೀರಿ, ಅವನು ಅಂಗಡಿಗೆ ಕೊಟ್ಟಿರುವುದಿಲ್ಲ, ಅಂಗಡಿಯವರು ನಿಮ್ಮ ಬಾಗಿಲಿಗೆ ಬರುತ್ತಾರೆ.

ಕೂಲಿಯ ಹಣವನ್ನು ಕೆಲಸ ಕಂಡ ಹಾಗೆ ಕೊಡಿ. ಶುರುವಿಗೆ ಚಿಕ್ಕದೊಂದು ಮೊತ್ತ. ಚೌಕಟ್ಟು ಅಥವಾ ಪಕಾಸಿ, ರೀಪು ಕೂತ ಮೇಲೆ ಒಂದು ಕಂತು. ಹೊದಿಕೆ ಮುಗಿದ ಮೇಲೆ ಇನ್ನೊಂದು. ಕೊನೆಯ ಹತ್ತನೇ ಒಂದು ಪಾಲನ್ನು ಒಂದು ಜೋರು ಮಳೆ ಸುರಿದು ಒಳಗೆ ಎಲ್ಲಿಯೂ ಸೋರಲಿಲ್ಲ ಎಂದು ಕಂಡ ಮೇಲೆ ಕೊಡುವುದು. ಈ ಕೊನೆಯ ಷರತ್ತನ್ನು ಶುರುವಿನಲ್ಲೇ ಹೇಳಿ ಒಪ್ಪಿಸಿರಬೇಕು. ಕೆಲಸವೆಲ್ಲ ಮುಗಿದ ಮೇಲೆ ಹೇಳಿದರೆ ಅದು ನಿಮ್ಮ ಕಡೆಯ ಅನ್ಯಾಯ. ಮಳೆ ಬಂದು ಸೋರದಿದ್ದರೆ ಮರುದಿನವೇ ಕರೆದು ಕೊಡಬೇಕು. ನೋಟು ಕೈಗೆ ಕೊಡುವ ಬದಲು ಯುಪಿಐ ಅಥವಾ ಚೆಕ್ಕಿನಲ್ಲಿ ಕೊಡಿ. ನಗದೇ ಕೊಡಬೇಕಾದರೆ ಪ್ರತಿ ಸಲ ಸಹಿ ಹಾಕಿಸಿಕೊಳ್ಳಿ.

ಇದಕ್ಕೆಲ್ಲ ಒಂದು ಕರಾರು ಪತ್ರ ಬೇಕು. ದೊಡ್ಡ ಮೊತ್ತವಾದರೆ ಸ್ಟಾಂಪ್ ಪೇಪರಿನಲ್ಲಿ ಬರೆಸಿ. ಭಾಷೆ ವಕೀಲರದ್ದಾಗಬೇಕೆಂದಿಲ್ಲ. ಹೀಗಿದ್ದರೂ ನಡೆಯುತ್ತದೆ:

“ಇಂಥ ವಿಳಾಸದ, ಇಂಥ ಫೋನ್ ಸಂಖ್ಯೆಯ ನಾನು, ಇವರ ಮನೆಯ ಪೂರ್ವ ದಿಕ್ಕಿನ ಮಾಡನ್ನು ಸುಮಾರು ಇಷ್ಟು ಚದರ ಅಡಿ ಹೊಸದಾಗಿ ಹೊದಿಸಲು ಒಪ್ಪಿದ್ದೇನೆ. ಶೀಟು ಇಂಥ ಕಂಪನಿಯದು, 0.50 ಮಿ.ಮೀ. ಸಾಮಗ್ರಿಯ ಹಣವನ್ನು ಮನೆಯವರೇ ಅಂಗಡಿಗೆ ಕೊಡುವುದು. ಕೂಲಿ ಚದರ ಅಡಿಗೆ ಇಷ್ಟು, ಹೊದಿಸಿದ ಮಾಡಿನ ಅಳತೆಯ ಮೇಲೆ. ಇಂಥ ದಿನ ಶುರು, ಇಂಥ ದಿನ ಮುಕ್ತಾಯ. ಸಾಮಗ್ರಿ ಬರುವವರೆಗೆ ಹಳೆಯ ಮಾಡು ಬಿಚ್ಚುವುದಿಲ್ಲ. ಬಿಚ್ಚಿದ ಹಂಚು, ಮರ ಮನೆಯವರದ್ದು. ಬರಹದಲ್ಲಿ ಒಪ್ಪದೆ ಹೆಚ್ಚಿನ ಹಣ ಕೇಳುವುದಿಲ್ಲ. ಮೊದಲ ಜೋರು ಮಳೆಗೆ ಸೋರಿದರೆ ಬೇರೆ ಕೂಲಿ ಇಲ್ಲದೆ ಸರಿಮಾಡಿಕೊಡುತ್ತೇನೆ.”

ಎರಡೂ ಕಡೆಯ ಸಹಿ, ಇಬ್ಬರು ಸಾಕ್ಷಿ, ಆಧಾರ್ ಗುರುತಿನ ಒಂದು ಪ್ರತಿ. ಅರ್ಧ ಗಂಟೆಯ ಕೆಲಸ. ಇದಕ್ಕೆ ಸಹಿ ಹಾಕಲು ಹಿಂಜರಿಯುವವನು ತನ್ನ ಬಗ್ಗೆ ತಾನೇ ಹೇಳಿಬಿಟ್ಟ ಹಾಗೆ.

ಪರಿಹಾರದ ಹೆಸರಿನಲ್ಲಿ

ಮತ್ತೊಂದು ಬಗೆಯ ಮೋಸಗಾರ ಏಣಿಯನ್ನೇ ತರುವುದಿಲ್ಲ. “ಸರ್ಕಾರದಿಂದ ಐದು ಲಕ್ಷ ಕೊಡಿಸ್ತೇನೆ, ಮೊದಲು ಖರ್ಚಿಗೆ ಇಷ್ಟು ಕೊಡಿ” ಎನ್ನುವವನು ಇವನು. ಇವನ ಮಾತು ಓಡುವುದಕ್ಕೆ ಕಾರಣವಿದೆ. 2019ರಲ್ಲೂ 2022ರಲ್ಲೂ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ, ಪೂರ್ತಿ ಬಿದ್ದ ಮನೆಗಳಿಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಆ ಅಂಕಿ ಜನರ ಮನಸ್ಸಿನಲ್ಲಿ ಉಳಿದಿದೆ. ಆದರೆ ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022-26ರ ಅವಧಿಗೆ ನಿಗದಿ ಮಾಡಿದ ಮೊತ್ತ ಬೇರೆ: ಪೂರ್ತಿ ಹಾನಿಯಾದ ಮನೆಗೆ ಬಯಲಿನಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ; ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಅದರ ಮೇಲೆ ಎಷ್ಟು ಎಂಬುದು ಆಯಾ ವರ್ಷದ ಸರ್ಕಾರದ ಆದೇಶಕ್ಕೆ ಬಿಟ್ಟದ್ದು. ಯಾವ ದಲ್ಲಾಳಿಯೂ ಅದನ್ನು ಏರಿಸಲಾರ.

ಮೊತ್ತ ಚಿಕ್ಕದೇ, ಮನಸ್ಸಿಗೆ ಬೇಸರವಾಗುವಷ್ಟು ಚಿಕ್ಕದು. ಹಾಗೆಂದು ಬಿಡಬೇಕಿಲ್ಲ, ಪಾಲು ಕೊಟ್ಟು ತರಿಸಬೇಕಿಲ್ಲ. ಗ್ರಾಮ ಆಡಳಿತ ಅಧಿಕಾರಿಗೆ, ತಹಶೀಲ್ದಾರ್ ಕಚೇರಿಗೆ ಕೂಡಲೇ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಅವರು ಬಂದು ಮಹಜರು ಮಾಡುತ್ತಾರೆ, ಹಾನಿ ಎಷ್ಟೆಂದು ಇಂಜಿನಿಯರ್ ಬರೆಯುತ್ತಾರೆ, ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಮಹಜರಿನಲ್ಲಿ ಏನು ಬರೆದಿದೆ ಎಂದು ಓದಿಸಿಕೊಂಡೇ ಸಹಿ ಹಾಕಿ. “ಪರಿಹಾರದ ಹಣ ಹಾಕಬೇಕು, ಒಟಿಪಿ ಹೇಳಿ” ಎಂಬ ಫೋನ್ ಬಂದರೆ ಅದು ಸರ್ಕಾರದ್ದಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯಲ್ಲಿ ಮೊದಲ ಗಂಟೆಗಳೇ ಹಣ ಉಳಿಸುವುದು.

ವಿಮೆ ಇದೆಯೇ ಎಂದು ಕಪಾಟು ಹುಡುಕಿ. ಗೃಹಸಾಲ ತೆಗೆದ ಎಷ್ಟೋ ಜನರಿಗೆ ಬ್ಯಾಂಕಿನ ಮೂಲಕ ಮನೆಗೆ ಪಾಲಿಸಿ ಆಗಿರುವುದು ನೆನಪೇ ಇರುವುದಿಲ್ಲ. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಬಂದಿದೆ. ಬಿರುಗಾಳಿ, ನೆರೆ, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ. ಕಂಪನಿಗೆ ತಿಳಿಸಿ, ಸರ್ವೇಯರ್ ನೋಡುವವರೆಗೆ ಟಾರ್ಪಾಲು ಹೊದಿಸುವುದಕ್ಕಿಂತ ಹೆಚ್ಚಿನ ಕೆಲಸ ಮಾಡಿಸಬೇಡಿ. “ಬಿಲ್ಲು ಜಾಸ್ತಿ ಬರೆದುಕೊಡ್ತೇನೆ, ಇಬ್ಬರೂ ಹಂಚಿಕೊಳ್ಳೋಣ” ಎನ್ನುವ ಗುತ್ತಿಗೆದಾರ ಸಿಕ್ಕರೆ ದೂರವಿಡಿ. ಸುಳ್ಳು ಬಿಲ್ಲಿನಿಂದ ನಿಜವಾದ ನಷ್ಟದ ಹಣವೂ ಕೈತಪ್ಪುತ್ತದೆ, ಅಪರಾಧದಲ್ಲಿ ನೀವೂ ಪಾಲುದಾರರಾಗುತ್ತೀರಿ.

ಟೆಕ್ಸಾಸ್ ಕಲಿಸಿದ್ದು

ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೆ ಈ ಕಾಟ ಹೊಸದಲ್ಲ. ಆಲಿಕಲ್ಲು ಮಳೆ ಬಿದ್ದ ಮರುದಿನ ಅಲ್ಲಿನ ಬಡಾವಣೆಗಳಲ್ಲಿ ಚಾವಣಿ ಗುತ್ತಿಗೆದಾರರು ಮನೆಮನೆಯ ಗಂಟೆ ಒತ್ತುತ್ತಾರೆ. ಗಾಳಿಮಳೆಯನ್ನು ಹಿಂಬಾಲಿಸಿ ರಾಜ್ಯದಿಂದ ರಾಜ್ಯಕ್ಕೆ ಹೋಗುವವರು ಅವರಲ್ಲಿದ್ದಾರೆ. ಚಾವಣಿ ಕೆಲಸಕ್ಕೆ ಟೆಕ್ಸಾಸ್‌ನಲ್ಲಿ ರಾಜ್ಯಮಟ್ಟದ ಲೈಸೆನ್ಸ್ ಕೂಡ ಬೇಕಿಲ್ಲ. ಆದರೂ ಅಲ್ಲಿನ ಕಾನೂನು ಈ ಮೋಸದ ಬೇರಿಗೆ ಕೈಹಾಕಿದೆ. ವಿಪತ್ತು ಘೋಷಣೆಯಾದ ಕಡೆ, ಆ ಕೌಂಟಿಯಲ್ಲೋ ಪಕ್ಕದ ಕೌಂಟಿಯಲ್ಲೋ ಕನಿಷ್ಠ ಒಂದು ವರ್ಷದಿಂದ ವ್ಯವಹಾರದ ವಿಳಾಸ ಇಲ್ಲದ ಗುತ್ತಿಗೆದಾರ ಕೆಲಸ ಶುರುಮಾಡುವ ಮುನ್ನ ಹಣ ಕೇಳುವಂತಿಲ್ಲ. ಆಮೇಲೆಯೂ ಮಾಡಿದ ಕೆಲಸಕ್ಕೆ ತಕ್ಕಷ್ಟೇ ಕೇಳಬೇಕು. ವಿಮೆಯಲ್ಲಿ ಮನೆಯವರು ಕೈಯಿಂದ ಹಾಕಬೇಕಾದ ಪಾಲನ್ನು ಗುತ್ತಿಗೆದಾರ ಮನ್ನಾ ಮಾಡುತ್ತೇನೆಂದು ಆಸೆ ತೋರಿಸುವುದು 2019ರಿಂದ ಅಲ್ಲಿ ಅಪರಾಧ. ಇನ್ನು ಇಡೀ ಅಮೆರಿಕಕ್ಕೆ ಅನ್ವಯಿಸುವ ನಿಯಮವೊಂದರ ಪ್ರಕಾರ, ಮಾರಾಟಗಾರ ಮನೆಬಾಗಿಲಿಗೆ ಬಂದು ಮಾಡಿಸಿಕೊಂಡ ಹೆಚ್ಚಿನ ಒಪ್ಪಂದಗಳನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು.

ಈ ಕಾನೂನುಗಳ ಹುರುಳನ್ನು ಗಮನಿಸಿ. ಅವು ಮೋಸಗಾರನಿಂದ ಕಸಿದುಕೊಂಡಿದ್ದು ಎರಡನ್ನು, ಮುಂಗಡವನ್ನು ಮತ್ತು ಅವಸರವನ್ನು. ನಮ್ಮಲ್ಲಿ ಇಂಥ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಗಳು ಮುಂಗಾರಿಗೆ ಮುಂಚಿನ ಗ್ರಾಮಸಭೆಯಲ್ಲೇ ಊರಿನ ಮೇಸ್ತ್ರಿ, ಬಡಗಿ, ಎಲೆಕ್ಟ್ರಿಷಿಯನ್‌ಗಳ ಹೆಸರು, ಫೋನ್, ಮಾಮೂಲಿ ದರಗಳ ಪಟ್ಟಿ ಮಾಡಿ ಫಲಕಕ್ಕೆ ಅಂಟಿಸಬಹುದು. ಗಾಳಿಮಳೆಯ ನಂತರ ಹೊರಗಿನಿಂದ ಬರುವ ತಂಡಗಳು ಪಂಚಾಯಿತಿಯಲ್ಲಿ ಹೆಸರು ಬರೆಸಿ ಕೆಲಸ ಹಿಡಿಯಲಿ ಎಂದು ಊರೇ ಗೊತ್ತುವಳಿ ಮಾಡಬಹುದು. ಸಹಕಾರಿ ಸಂಘಗಳು ಸದಸ್ಯರಿಗೆ ಒಟ್ಟಾಗಿ ಶೀಟು, ಹಂಚು ತರಿಸಿದರೆ ದರವೂ ಇಳಿಯುತ್ತದೆ, ದಪ್ಪವೂ ಸರಿಯಾಗಿರುತ್ತದೆ. ಇದ್ಯಾವುದಕ್ಕೂ ಬೆಂಗಳೂರಿನ ಆದೇಶ ಬೇಕಿಲ್ಲ.

ಮೋಸ ಆಗಿಹೋಗಿದ್ದರೆ

ಮೊದಲು ನಾಚಿಕೆ ಬಿಡಿ. ಮನೆ ಕಳೆದುಕೊಂಡ ಸಂಕಟದಲ್ಲಿ ಇನ್ನೊಬ್ಬರನ್ನು ನಂಬಿದ್ದು ತಪ್ಪಲ್ಲ. ಸುಮ್ಮನಿದ್ದರೆ ಅದೇ ವ್ಯಕ್ತಿ ಮುಂದಿನ ಊರಿಗೆ ಹೋಗುತ್ತಾನೆ.

ಪೊಲೀಸ್ ಠಾಣೆಯಲ್ಲಿ “ಇದು ಸಿವಿಲ್ ವ್ಯಾಜ್ಯ” ಎಂಬ ಉತ್ತರ ಬರಬಹುದು. ಅದರಲ್ಲಿ ಒಂದು ಅಂಶ ಸತ್ಯವಿದೆ: ಕೆಲಸ ತಡವಾದದ್ದು, ಕೆಟ್ಟದಾದದ್ದು ತಾನಾಗಿ ವಂಚನೆಯಾಗುವುದಿಲ್ಲ. ಹಣ ಪಡೆಯುವಾಗಲೇ ಮೋಸದ ಉದ್ದೇಶ ಇತ್ತೆಂದು ಕಾಣಬೇಕು. ಆಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅನ್ವಯಿಸುತ್ತದೆ. ಆ ಉದ್ದೇಶವನ್ನು ತೋರಿಸುವುದು ಒಂಟಿ ದೂರಿಗಿಂತ ಒಟ್ಟು ದೂರಿಗೆ ಸುಲಭ. ಅದೇ ವ್ಯಕ್ತಿ ಅದೇ ವಾರ ಐದಾರು ಮನೆಗಳಿಂದ ಮುಂಗಡ ಎತ್ತಿ, ಸುಳ್ಳು ವಿಳಾಸ ಕೊಟ್ಟು ಹೋಗಿದ್ದರೆ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಅಕ್ಕಪಕ್ಕದ ಊರುಗಳಲ್ಲೂ ವಿಚಾರಿಸಿ, ಮೋಸಹೋದವರೆಲ್ಲ ಸೇರಿ ಠಾಣೆಗೆ ಹೋಗಿ.

ಕಳಪೆ ಕೆಲಸ, ಅರ್ಧಕ್ಕೆ ಬಿಟ್ಟ ಕೆಲಸಗಳಿಗೆ ಗ್ರಾಹಕರ ಆಯೋಗದ ದಾರಿ ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಮನೆ ನಿರ್ಮಾಣವನ್ನೂ ಸೇವೆ ಎಂದೇ ಎಣಿಸುತ್ತದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ದಾರಿ ಕೇಳಲು 1915 ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ, ಉಚಿತ ಕಾನೂನು ನೆರವಿಗೆ 15100. ಕರಾರು ಪತ್ರ, ಫೋಟೊ, ಬಿಲ್ಲು, ಯುಪಿಐ ದಾಖಲೆಗಳು ಬೆಲೆ ಪಡೆಯುವುದು ಇಲ್ಲಿ. ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ.

ಮನೆ ಕಳೆದುಕೊಂಡವರಲ್ಲಿ ಅತಿ ಹೆಚ್ಚು ಮೋಸಹೋಗುವವರು ಒಂಟಿಯಾಗಿರುವವರು: ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ದೊಡ್ಡ ಹಳೆಯ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮಂದಿರು, ಓದು ಬರಹ ಬಾರದ ಕೂಲಿಯವರು, ಗಂಡನನ್ನು ಕಳೆದುಕೊಂಡು ಮನೆ ನಡೆಸುವ ಹೆಣ್ಣುಮಕ್ಕಳು. ಅವರಿಗೆ ಈ ಅಂಕಣದ ಕಟಿಂಗ್ ಕಳಿಸಿದರೆ ಸಾಲದು. ದೂರದಲ್ಲಿರುವ ಮಕ್ಕಳು ಗಾಳಿ ಬೀಸಿದ ಸುದ್ದಿ ಕೇಳಿದ ದಿನವೇ ಫೋನ್ ಮಾಡಿ, “ಅಪ್ಪಾ, ಟಾರ್ಪಾಲು ಹಾಕಿಸಿ, ಬೇರೆ ಯಾರಿಗೂ ಇನ್ನೂ ದುಡ್ಡು ಕೊಡಬೇಡಿ, ಲೆಕ್ಕದ ಹಾಳೆ ಫೋಟೊ ತೆಗೆದು ನನಗೆ ಕಳಿಸಿ” ಎಂದು ಹೇಳಿ. ಹತ್ತಿರದಲ್ಲಿರುವವರು ಗುತ್ತಿಗೆದಾರ ಬಂದಾಗ ಆ ಮನೆಯ ಜಗಲಿಯಲ್ಲಿ ಹೋಗಿ ಕೂರಿ. ಲೆಕ್ಕ ಕೇಳುವ ಇನ್ನೊಬ್ಬರು ಪಕ್ಕದಲ್ಲಿದ್ದಾರೆ ಎಂದು ಕಂಡರೆ ಅವಸರದ ಮಾತು ಅರ್ಧ ಅಲ್ಲೇ ನಿಂತುಹೋಗುತ್ತದೆ.